ಭಂಗಿಯ ನಾರು, ಪುಂಡಿಯ ಹಗ್ಗ

ನಮ್ಮ ಬಾವಿಯ ಹಗ್ಗ ಹರಿದಾಗ ನನ್ನ ಗಂಡ ಅದರ ಮೇಲೆಯೇ ಕುಳಿತಿದ್ದರು. ಎತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುವ ಬಾವಿ ಈಗ ಯಾರೂ ನೋಡಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ತುಂಬಿದ ಚೀಲ ಮೇಲೆ ಬರಬೇಕಾದರೆ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುತ್ತವೆ. ಹೊಡೆಯುವವ ಬಿಗಿದ ಹಗ್ಗದ ಮೇಲೆ ಹಾರಿ ಕುಳಿತು ತನ್ನ ಭಾರವನ್ನೂ ಅದಕ್ಕೆ ಕೂಡಿಸುತ್ತಾನೆ. ಆ ದಿನ ಹಗ್ಗ ನಟ್ಟನಡುವೆ ಹರಿಯಿತು. ಎತ್ತುಗಳು ಮುಗ್ಗರಿಸಿದವು. ಇವರು ಕಲ್ಲಿನ ಮೇಲೆ ಬಿದ್ದು ಭುಜ ಜಾರಿಸಿಕೊಂಡರು. ನಾನು ಮದುವೆಯಾಗಿ ಚಿಂಚೋಳಿ ಕಡೆಯ ಆ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಉಳಿದವರೆಲ್ಲ ದೇವರನ್ನು ಕರೆದರೆ ನಾನು ಹಗ್ಗಕ್ಕೆ ಬಾಯಿಗೆ ಬಂದಂತೆ ಬೈದೆ.

ನಾನು ಶಹಾಬಾದಿನವಳು. ಅಲ್ಲಿ ನೆಲವೂ ಫರಸಿ ಕಲ್ಲು, ಮಾಡೂ ಫರಸಿ. ಮಂದಿಯ ನಾಲಿಗೆಯೂ ಫರಸಿಯೇ ಎಂದು ಇವರು ನನ್ನನ್ನು ಕಾಡಿಸುತ್ತಿದ್ದರು.

ಹರಿದದ್ದು ಪುಂಡಿ ನಾರಿನ ಹಗ್ಗ. ತೊಗರಿ ಹೊಲದ ಅಂಚಿಗೆ ಒಂದು ಸಾಲು ಪುಂಡಿ ಹಾಕದ ಮನೆಯೇ ನಮ್ಮ ಕಡೆ ಇರಲಿಲ್ಲ. ಎಳೆ ಎಲೆ ಪಲ್ಯಕ್ಕೆ. ಬಲಿತ ಕಡ್ಡಿಯನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ ಸುಲಿದರೆ ನಾರು. ರೊಟ್ಟಿಯ ಜೊತೆ ಪುಂಡಿ ಪಲ್ಯಕ್ಕೆ ಸಮ ಯಾವುದೂ ಇಲ್ಲ, ಇಂದಿಗೂ ಹಾಗೇ ಅನ್ನುತ್ತೇನೆ. ಆದರೆ ದಿನವೂ ನೀರಿನಲ್ಲಿ ನೆನೆದರೆ ಅದರ ಹಗ್ಗ ಒಳಗೊಳಗೇ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಭುಜ ಕಟ್ಟಿಸಿಕೊಂಡು ಕುಳಿತ ಇವರಿಗೆ ಒಂದು ಹಗ್ಗದ ತುಂಡು ನೆನಪಾಯಿತು. ಹಿಂದೊಮ್ಮೆ ವಾಡಿ ಸ್ಟೇಷನ್ನಿನಲ್ಲಿ ಮೂಟೆ ಇಳಿಸುವ ಹಮಾಲರಿಂದ ಕೇಳಿ ತಂದದ್ದು. ಎಮ್ಮೆ ಕಟ್ಟಲು ಹಾಕಿದ್ದರು. ಮಳೆಯಲ್ಲಿ, ಸಗಣಿಯಲ್ಲಿ ಬಿದ್ದಿದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ಅದು ಭಂಗಿಯ ನಾರು, ಗಾಂಜಾ ಕೊಡುವ ಅದೇ ಗಿಡದ ನಾರು ಎಂದು ಹಮಾಲರು ಹೇಳಿದ್ದರಂತೆ. ಆಗ ನವಾಬಿ ಹೋಗಿ ಹೊಸ ಸರಕಾರ ಬಂದಿತ್ತು. ಕೇಳಿದರೆ ಕೊಟ್ಟಾರು ಎಂಬ ಆಸೆ ಎಲ್ಲರಲ್ಲೂ ಹುಟ್ಟಿದ್ದ ಕಾಲ. ನಾರಿಗಾಗಿ ಭಂಗಿ ಬೆಳೆಯಲು ಪರವಾನಗಿ ಕೊಡಿ ಎಂದು ಅರ್ಜಿ ಹಾಕುವುದೆಂದು ಇವರು ನಿಶ್ಚಯಿಸಿದರು.

ತೊಡಕು ಇದ್ದದ್ದು ಹೊಲದ್ದು. ಕಡ್ಡಿ ಕೊಳೆಹಾಕಲು ಹತ್ತಿರ ನೀರು ಬೇಕು, ಹಳ್ಳದ ದಂಡೆಗಿದ್ದ ಒಂದೇ ಹೊಲ ನಮ್ಮ ಅತ್ತೆಯದು. ತವರಿನವರು ಮದುವೆಯಲ್ಲಿ ಅರಿಶಿಣ-ಕುಂಕುಮಕ್ಕೆಂದು ಅವರ ಹೆಸರಿಗೆ ಕೊಟ್ಟದ್ದು. ಅವರ ಹೆಬ್ಬೆಟ್ಟಿಲ್ಲದೆ ಅರ್ಜಿ ಇಲ್ಲ. ಅತ್ತೆಯ ಮುಂದೆ ಭಂಗಿ ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಯಾಕೆಂದರೆ ನಮ್ಮ ಮಾವ ಗಾಂಜಾ ಸೇದುತ್ತಿದ್ದರು. ಬಡಿಯುವ, ಬೈಯುವ ಮನುಷ್ಯ ಅಲ್ಲ. ಚಿಲುಮೆ ಹಿಡಿದು ಕಟ್ಟೆಯ ಮೇಲೆ ಕುಳಿತರೆ ಇದ್ದೂ ಇಲ್ಲದಂತೆ, ಅಷ್ಟೇ. ಅತ್ತೆಯ ತವರಿನ ಎಮ್ಮೆಯನ್ನು ಚಿಲುಮೆಗಾಗಿ ಮಾರಿದ ದಿನದಿಂದ ಅತ್ತೆ ಅವರೊಡನೆ ಮಾತು ಬಿಟ್ಟಿದ್ದರು. ಗಂಡ ಎದುರಿಗೇ ಕುಳಿತಿದ್ದರೂ "ಉಣ್ಣಾಕ ಬರ್ರಿ ಅಂತ ಹೇಳು" ಎಂದು ನನಗೆ ಹೇಳುತ್ತಿದ್ದರು. ನಾನು ಅದನ್ನೇ ತಿರುಗಿ ಮಾವನಿಗೆ ಹೇಳಬೇಕು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಂಕಟವಾಗುತ್ತಿತ್ತು.

"ನನ್ನ ಹೊಲದಾಗ ಆ ಗಿಡ ಬ್ಯಾಡ," ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ನನಗೆ ತಡೆಯಲಾಗಲಿಲ್ಲ. "ಅತ್ತಿ, ನಿಮ್ಮ ಮಗ ಮತ್ತ ಆ ಹಗ್ಗದ ಮ್ಯಾಲ ಕುಂದ್ರಾವ್ರ ಅದಾರ. ಈ ಸಲ ಭುಜ ಹೋತು, ಮುಂದಿನ ಸಲ?" ಎಂದೆ. ಅವರು ಮೊರದಲ್ಲಿದ್ದ ಜೋಳವನ್ನೆಲ್ಲ ಹಸನು ಮಾಡಿ ಮುಗಿಸಿದರು. ಕೊನೆಗೆ, "ಪಟವಾರಿಗೆ ಬರಾಕ ಹೇಳು," ಎಂದರು.

ಊರ ಲೆಕ್ಕ ನೋಡುವ ಪಟವಾರಿ ಅರ್ಜಿ ಬರೆದುಕೊಂಡು ಪಡಸಾಲೆಗೆ ಬಂದರು. ಊರಿನ ಕಂದಾಯ ವಸೂಲಿ ಮಾಡುವ ಮಾಲಿಪಾಟೀಲರೂ ಬಂದರು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು.

ಪಾಟೀಲರಿಗೆ ಇದು ಬೇಡವಾಗಿತ್ತು. "ಎಲಿ ನೋಡಿದ್ರ ಪುಂಡಿ, ಭಂಗಿ ಎರಡೂ ಅಕ್ಕ-ತಂಗಿ ಇದ್ದಂಗ ಅವ. ನಾಳಿ ಪುಂಡಿ ಸಾಲಿನಾಗ ಯಾರ್ ಏನ್ ಬಿತ್ಯಾರ ಅಂತ ನಾ ಹೊಲ ಹೊಲ ತಿರಗಬೇಕೇನು?"

"ಅಲ್ರಿ, ಗುತ್ತೇದಾರ ಸರಕಾರದ ಪರವಾನಗಿ ಮ್ಯಾಲೆ ಅಂಗಡಿ ಇಟ್ಟು ಗಾಂಜಾ ಮಾರ್ತಾನ," ಇವರು ಬಿಡಲಿಲ್ಲ. "ಸೇದಾವಂಗ ಅಡ್ಡಿ ಇಲ್ಲ, ಹಗ್ಗ ಹೊಸಿಯಾವಂಗ ಅಡ್ಡಿ! ಇದೆಂಥ ನ್ಯಾಯರಿ? ದಟ್ಟಾಗಿ ಬಿತ್ತಿದ್ರ ಕಡ್ಡಿ ಉದ್ದಕ್ಕ ಏಳ್ತದ. ಹೂ ಬಿಡೋಕಿಂತ ಮೊದಲ ಕೊಯ್ತೀನಿ. ನಾರಿನಾಗ ಎಲ್ಲಿ ಅಮಲು ಅದ?"

ಪಾಟೀಲರು ಆಗಲಿ ಎಂದು ಪಟವಾರಿಯ ಕಡೆ ಕೈ ಮಾಡಿದರು. ನಮ್ಮವರು ಗೆದ್ದರು ಎಂದು ನನಗೆ ಹಿಗ್ಗೋ ಹಿಗ್ಗು. ಪಟವಾರಿ ಮಸಿಯ ಡಬ್ಬಿ ತೆರೆದರು. ಅತ್ತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡರು.

"ಜರಾ ತಡೀರಿ."

ಹೊರಗೆ ಅಂಗಳದಲ್ಲಿ ಮಾವ ನಿಂತಿದ್ದರು. ಅವರು ಯಾವ ವ್ಯವಹಾರದಲ್ಲೂ ಬಾಯಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಮಗನನ್ನು ನೋಡಿ ನಿಧಾನವಾಗಿ ಹೇಳಿದರು:

"ತಮ್ಮಾ, ನೀ ಹೇಳೋದೆಲ್ಲಾ ಖರೇ ಅದ. ಆದ್ರ ಹೊಲ ಕಾಯಾಕ ಯಾರ್ನ ಕಳಸ್ತಿ? ನಿನ್ನ ಭುಜ ಹೋಗ್ಯದ, ನನ್ನೇ ಕಳಸ್ತಿ. ನಾ ನಾಕು ಗಿಡ ಹೂವಿಗೆ ಬಿಡ್ತೀನಿ. ಬಿಡಬಾರ್ದು ಅಂತ ಹೋಗ್ತೀನಿ, ಬಿಟ್ಟೇ ಬರ್ತೀನಿ. ಈಗ ಅಂಗಡಿ ದೂರ ಅದ, ನಡದು ಹೋಗಾಕ ಬ್ಯಾಸರಾಗಿ ಒಂದೊಂದ್ ದಿನ ಸುಮ್ನ ಮನ್ಯಾಗ ಇರ್ತೀನಿ. ಹೊಲದಾಗೇ ಸಿಕ್ರ ನಾ ಮನಿಗೇ ಬರಲ್ಲ. ಅಕಿ ಹೊಲದಾಗ ಬ್ಯಾಡಪ್ಪ."

ಊರಿಗೆಲ್ಲ ಗೊತ್ತಿದ್ದ ಸಂಗತಿಯೇ, ಆದರೆ ಅವರ ಬಾಯಿಂದಲೇ ಅದನ್ನು ಯಾರೂ ಕೇಳಿರಲಿಲ್ಲ. ಅತ್ತೆ ಮಸಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, ನೇರವಾಗಿ ಅಂಗಳದಲ್ಲಿದ್ದ ಮಾವನಿಗೇ ಹೇಳಿದರು: "ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ."

ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಹಿರಿಯರ ಮುಂದೆ ಸೊಸೆ ಬಾಯಿ ತೆರೆಯಬಾರದು ಎಂಬುದನ್ನೂ ಮರೆತು, "ಮಾವಾ, ಹಂಗಾದ್ರ ಇವರ ಜೀವಕ್ಕ ಯಾರು ಜವಾಬ್ದಾರಿ?" ಎಂದು ಕೇಳಿಯೇ ಬಿಟ್ಟೆ. "ನಾ ಇದ್ದೀನವಾ," ಎಂದರು ಮಾವ. ನಾನು ನಂಬಲಿಲ್ಲ. ಯಾರೂ ನಂಬಲಿಲ್ಲ ಎಂದೇ ಕಾಣುತ್ತದೆ.

ಅರ್ಜಿ ಹೋಗಲಿಲ್ಲ. ಇವರು ಭುಜ ಸರಿಯಾಗಿ ಮತ್ತೆ ಬಾವಿಗೆ ಹೋದ ಬೆಳಿಗ್ಗೆ, ಮಾವ ಅವರಿಗಿಂತ ಮುಂಚೆ ಅಲ್ಲಿದ್ದರು. ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಅಂಗೈಯಲ್ಲಿ ಹಾಯಿಸುತ್ತ, ಬೆರಳಿನಿಂದ ಒತ್ತಿ ನೋಡುತ್ತ, ಮೆತ್ತಗಾದ ಕಡೆ ಕತ್ತರಿಸಿ ಹೊಸ ನಾರು ಹೆಣೆದರು. ಮಾರನೆಯ ದಿನವೂ ಅದೇ. ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ ಹೊಸೆಯುವಾಗ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ. ಮಾವನ ಕಡೆ ಹೊಸೆತ ಸಡಿಲಾಗಿ ಹಗ್ಗ ಗಂಟುಗಂಟಾಯಿತು. ಅತ್ತೆ ಬಿಚ್ಚಿಸಲಿಲ್ಲ. ಚಿಲುಮೆ ಬಿಟ್ಟರೇ ಎಂದು ಕೇಳುತ್ತೀರಿ. ಇಲ್ಲ, ಬಿಡಲಿಲ್ಲ. ಆದರೆ ಹಗ್ಗ ನೋಡದೆ ಚಿಲುಮೆ ಮುಟ್ಟುತ್ತಿರಲಿಲ್ಲ.

ಈಗ ಪತ್ರಿಕೆಗಳಲ್ಲಿ ಮತ್ತೆ ಅದೇ ಚರ್ಚೆ ಓದುತ್ತೇನೆ. ಭಂಗಿಯ ನಾರಿನಿಂದ ಬಟ್ಟೆ ಮಾಡಬಹುದು, ಕಾಗದ ಮಾಡಬಹುದು, ರೈತನಿಗೆ ಕಾನೂನಿನ ಅನುಮತಿ ಬೇಕು ಎನ್ನುತ್ತಾರೆ. ನನ್ನ ಗಂಡ ಅಂದು ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ, ಈಗಲೂ ಇಲ್ಲ. ಕೊಡುವುದಾದರೆ ಕೊಡಲಿ. ಹೊಲ ಕಾಯಲು ಯಾರನ್ನು ಕಳಿಸುತ್ತೀರಿ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಲಿ. ಇಷ್ಟಕ್ಕಿಂತ ಹೆಚ್ಚು ನನಗೆ ತಿಳಿಯುವುದಿಲ್ಲ.

ಮಾವ ತೀರಿಕೊಂಡ ಮೇಲೆ ಮೊದಲ ಸಲ ಬಾವಿ ಹೂಡಿದ ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಎತ್ತು ಕಟ್ಟಿಯಾಗಿತ್ತು, ಚೀಲ ನೀರಿಗಿಳಿದಿತ್ತು. ಇವರು ಹಗ್ಗದ ಮೇಲೆ ಕೂರಲು ಕಾಲೆತ್ತಿದರು. ಹಿಂದಿನಿಂದ ಅತ್ತೆ ಓಡುತ್ತ ಬಂದು ಮಗನ ತೋಳು ಹಿಡಿದರು.

"ತಡಿಯಪ್ಪಾ, ಇವತ್ತ ಯಾರೂ ಹಗ್ಗ ನೋಡಿಲ್ಲ."