ಹಾರ್ಲನ್ ಮತ್ತು ನಮ್ಮ ಪ್ರಾಂಪ್ಟಿಂಗ್

ಮೊನ್ನೆ ಬ್ಯಾಟರಿ ಹುಡುಕುತ್ತ ಅಡುಗೆಮನೆಯ ಡ್ರಾಯರ್ ಕೆದಕಿದ ಮೊಮ್ಮಗಳು ಹೆಬ್ಬೆರಳಿನ ಗಾತ್ರದ ಟಾರ್ಚೊಂದನ್ನು ಎತ್ತಿ ಹಿಡಿದಳು. ಅದರ ಗಾಜಿಗೆ ಕೆಂಪು ಕಾಗದ ಅಂಟಿಸಿತ್ತು.

"ಅಜ್ಜ, ಇದು ಯಾಕೆ ರೆಡ್?"

"ಆಡಿಯನ್ಸಿಗೆ ಕಾಣಬಾರದು ಅಂತ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು. ಹೇಳುತ್ತೇನೆ, ನಡುವೆ ದಾರಿ ತಪ್ಪಿದರೆ ಸೈರಿಸಿಕೊಳ್ಳಿ. ಜೀವನವಿಡೀ ಪರರ ವಾಕ್ಯಗಳನ್ನು ಕತ್ತರಿಸಿದವನಿಗೆ ತನ್ನ ವಾಕ್ಯಗಳ ಮೇಲೆ ಕರುಣೆ ಜಾಸ್ತಿ.

ತೊಂಬತ್ತರ ದಶಕದಲ್ಲಿ ನಾನು ಕೆರೊಲಿನಾದ ರಾಲಿಯ ಪತ್ರಿಕೆಯೊಂದರಲ್ಲಿ ಕಾಪಿ ಎಡಿಟರ್. ವರದಿಗಳಿಂದ ವಿಶೇಷಣಗಳನ್ನು ಕಿತ್ತುಹಾಕುವುದು ಕಸುಬು. ಭಾನುವಾರ ಕನ್ನಡ ಕೂಟದ ನಾಟಕಗಳಿಗೆ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಕೂತು, ಈ ಕೆಂಪು ಬೆಳಕಿನಲ್ಲಿ ಸಾಲು ಓದಿ, ನಟರ ಕಿವಿಗೆ ಎಸೆಯುವ ಕೆಲಸ. ನಮ್ಮಲ್ಲಿ ಯಾರೂ ಮಾತನ್ನು ಪೂರ್ತಿ ಕಲಿಯುತ್ತಿರಲಿಲ್ಲ. "ಆಫೀಸಲ್ಲಿ ಡೆಡ್‌ಲೈನ್ ಸಾರ್, ಹೇಗಿದ್ರೂ ನೀವಿದ್ದೀರಲ್ಲ" ಎಂಬುದು ಬೆಂಗಳೂರಿನವರ ಸಬೂಬು. ಹುಬ್ಬಳ್ಳಿಯ ಡಾಕ್ಟರ್ ಪಾಟೀಲರು ಸಬೂಬನ್ನೂ ಹೇಳುತ್ತಿರಲಿಲ್ಲ. ಪಕ್ಕದ ಊರು ಡರ್ಹಮ್ಮಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರು ರಂಗದ ಮೇಲೆ ಸದಾ ರಾಜ.

"ಪೇಪರ್‌ನವರ, ನಾ ನಿಂದರತೀನಿ, ನೀವು ಮಾತಾಡ್ರಿ. ಪಾರ್ಟ್ನರ್‌ಶಿಪ್ ಅಂದ್ರ ಹಿಂಗಿರಬೇಕು!"

ನಮಗೆ ನಾಟಕಕ್ಕೆ ಡರ್ಹಮ್ಮಿನ ಚರ್ಚೊಂದರ ಸಭಾಂಗಣ ಸಿಗುತ್ತಿತ್ತು. ನಮ್ಮ ನಂತರ ಅಲ್ಲಿ ತಾಲೀಮು ಮಾಡಲು ಒಬ್ಬರು ಬರುತ್ತಿದ್ದರು. ಊರೆಲ್ಲ ಅವರನ್ನು ಹಾರ್ಲನ್ ಎಂದೇ ಕರೆಯುತ್ತಿತ್ತು. ಕೆರೊಲಿನಾದ ತಂಬಾಕಿನ ಊರೊಂದರಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ವಾಷಿಂಗ್ಟನ್ನಿನ ಪುಟ್ಟ ರಂಗಮಂದಿರವೊಂದಕ್ಕೆ ನಾಟಕ ಬರೆದು ಹೆಸರು ಮಾಡಿದವರು. ಆ ಹೆಸರು ಹಿಡಿದುಕೊಂಡು ಹಾಲಿವುಡ್ಡಿಗೆ ಹೋದರು. ಚಿತ್ರಕಥೆ ಬರೆದರು, ಮತ್ಯಾರೋ ತಿದ್ದಿದರು, ತಿದ್ದಿದ್ದನ್ನು ಇನ್ಯಾರೋ ತಿದ್ದಿದರು. ಅವರ ಹೆಸರಿದ್ದ ಒಂದು ಸಿನಿಮಾವನ್ನು ನಾನು ಮೆಚ್ಚಿ ಮಾತಾಡಿದಾಗ ನಕ್ಕರು. "ಅದರಲ್ಲಿ ನನ್ನದಾಗಿ ಉಳಿದದ್ದು ಬಾಗಿಲ ಗಂಟೆಯ ಸದ್ದು ಮಾತ್ರ. ಅದನ್ನೂ ಒಂದು ಸಲ ಕಡಿಮೆ ಬಾರಿಸಿದರು."

ಈಗ ತಲೆ ಬೆಳ್ಳಗಾದ ಮೇಲೆ, ಮೊದಲ ಬಾರಿಗೆ ತಾವೇ ಒಂದು ಸಿನಿಮಾ ನಿರ್ದೇಶಿಸಲು ಊರಿಗೆ ಮರಳಿದ್ದರು. ಕಥೆ ಇಬ್ಬರು ಅಕ್ಕತಂಗಿಯರದು. ಜಗಳವಾಡಿ ಮನೆ ಬಿಟ್ಟ ತಂಗಿ ಮುದುಕಿಯಾಗಿ ಬಂದು ಜಗಲಿಯಲ್ಲಿ ನಿಂತು, "ಇಲ್ಲಿರಬಹುದಾ?" ಎನ್ನುತ್ತಾಳೆ. ಅಕ್ಕ ಸುಮ್ಮನಿದ್ದು, ಕೊನೆಗೆ, "ಬಿಸಿಲಿದೆ, ಒಳಗೆ ಬಾ" ಎನ್ನುತ್ತಾಳೆ. ಇಷ್ಟೇ. ಬಂಡವಾಳ ಹಾಕಿದ ಅಟ್ಲಾಂಟಾದವರಿಗೆ ಆ ಮೌನ ಹಿಡಿಸಲಿಲ್ಲ. ಅಕ್ಕ ಪುಟಗಟ್ಟಲೆ ಮಾತಾಡಿ, ಅತ್ತು, ಕ್ಷಮಿಸಬೇಕೆಂದು ಹಟ ಹಿಡಿದರು. ವಾದ ಬೆಳೆದು ಕೊನೆಗೊಂದು ಒಪ್ಪಂದವಾಯಿತು. ಅಟ್ಲಾಂಟಾದಲ್ಲಿ ಜನರಿಗೆ ಮೊದಲು ತೋರಿಸುವುದು. ಜನ ಬೇಸತ್ತರೆ ಮೌನ ಹೋಗಿ ಭಾಷಣ ಬರುತ್ತದೆ. ಹಾಗಾದರೆ ಹಾರ್ಲನ್‌ಗೆ ಈ ಸಿನಿಮಾದಲ್ಲೂ ಬಾಗಿಲ ಗಂಟೆಯೇ ಗತಿ.

ಅಕ್ಕನ ಪಾತ್ರದಾಕೆ ರಂಗಭೂಮಿಯಲ್ಲಿ ಪಳಗಿದವರು. ತೊಂದರೆ ಇದ್ದದ್ದೇ ಅಲ್ಲಿ. "ಆಕೆ ಮೌನವನ್ನೂ ಅಭಿನಯಿಸುತ್ತಾಳೆ" ಎಂದು ಹಾರ್ಲನ್ ತಲೆ ಚಚ್ಚಿಕೊಳ್ಳುತ್ತಿದ್ದರು.

ಅಂಥ ದಿನಗಳಲ್ಲೇ ನಮ್ಮ ಯುಗಾದಿ ನಾಟಕ ಬಂತು. ಹಾರ್ಲನ್ ಹಿಂದಿನ ಸಾಲಿನಲ್ಲಿ ಕೂತಿದ್ದರು. ದ್ರೋಹ ಮಾಡಿ ಓಡಿಹೋಗಿದ್ದ ತಮ್ಮ ಬಂದು ಕಾಲಿಗೆ ಬಿದ್ದ. "ನನ್ನನ್ನು ಕ್ಷಮಿಸುವೆಯಾ ಅಣ್ಣಾ?" ರಾಜ ಪಾಟೀಲರು ಎಂದಿನಂತೆ ನನ್ನ ಕಡೆ ಕಿವಿ ಕೊಟ್ಟರು. ನನ್ನ ಕೈಯಲ್ಲಿ ಎರಡು ಹಾಳೆಗಳು ಚಕ್ಕುಲಿಯ ಎಣ್ಣೆಗೆ ಅಂಟಿಕೊಂಡಿದ್ದವು. ನಾನು ಉಗುರಿನಿಂದ ಬಿಡಿಸುತ್ತಿದ್ದೇನೆ, ರಾಜರು ಕಣ್ಣಗಲಿಸಿ ಪರದೆಯ ಕಡೆ ನೋಡುತ್ತಿದ್ದಾರೆ, ಕಾಲ ಬಳಿ ತಮ್ಮ ಬೆವರುತ್ತಿದ್ದಾನೆ. ಸಭೆಯಲ್ಲಿ ಮಕ್ಕಳೂ ಉಸಿರು ಬಿಗಿಹಿಡಿದವು. ಹಾಳೆ ಬಿಟ್ಟಿತು, ಸಾಲು ಅವರ ಕಿವಿಗೆ ಹೋಯಿತು, ರಾಜರು ಕ್ಷಮಿಸಿದರು.

ಪರದೆ ಬಿದ್ದದ್ದೇ ಹಾರ್ಲನ್ ಒಳಗೆ ನುಗ್ಗಿ ಪಾಟೀಲರ ಕೈ ಹಿಡಿದರು. "ಭಾಷೆ ತಿಳಿಯದು. ಆದರೆ ಆ ಮೌನ! ಎಷ್ಟು ತಿಂಗಳ ಅಭ್ಯಾಸ?"

ಪಾಟೀಲರು ಎದೆಯುಬ್ಬಿಸಿದರು. ಅಷ್ಟರಲ್ಲಿ ಅವರ ಹೆಂಡತಿ ಇಂಗ್ಲಿಷಿನಲ್ಲಿ ಸತ್ಯ ಹೇಳಿಬಿಟ್ಟು, ಗಂಡನ ಕಡೆ ತಿರುಗಿದರು. "ಮಾತು ಮರತು ಮಳ್ಳನ ಹಂಗ ನಿಂತಿದ್ರಿ. ಅದಕ್ಕ ಹೊಗಳಾಕತ್ತಾರ, ನೋಡ್ರಿ!"

ಹಾರ್ಲನ್ ನಗಲಿಲ್ಲ. ಕಿರೀಟ ಕಳಚುತ್ತಿದ್ದ ಪಾಟೀಲರನ್ನೇ ನೋಡುತ್ತ, "ಹಾಗಾದರೆ ನೀವು ನಿಜವಾಗಿ ಕಾಯುತ್ತಿದ್ದಿರಿ" ಎಂದರು. ಆಮೇಲೆ ನನ್ನತ್ತ ತಿರುಗಿ, "ಟಾರ್ಚು ತಗೊಂಡು ಶೂಟಿಂಗಿಗೆ ಬನ್ನಿ."

ಹೋದೆ. ಹಾರ್ಲನ್ ನಟಿಯ ಕೊನೆಯ ಸಾಲನ್ನು ಹಾಳೆಯಿಂದ ತೆಗೆದುಬಿಟ್ಟಿದ್ದರು. "ಹೊಸ ಸಾಲು ಬರೆದಿದ್ದೇನೆ, ಇವರು ಪ್ರಾಂಪ್ಟ್ ಮಾಡುತ್ತಾರೆ" ಎಂದಷ್ಟೇ ಆಕೆಗೆ ಹೇಳಿದರು. ನಾನು ಬಾಗಿಲ ಮರೆಯ ಕತ್ತಲಲ್ಲಿ ಕೂತೆ. ಅವರು ಹೆಗಲು ತಟ್ಟುವವರೆಗೆ ತುಟಿ ಬಿಚ್ಚಬಾರದು. ತಂಗಿ ಕೇಳಿದಳು. ಅಕ್ಕನ ಪಾತ್ರದಾಕೆ ಕಾದರು, ನನ್ನ ಕಡೆ ನೋಡಿದರು. ಕಣ್ಣಲ್ಲಿ ಮೊದಲು ಸಿಟ್ಟು, ಆಮೇಲೆ ಭಯ, ಆಮೇಲೆ ಬೇಡಿಕೆ. ಸಾಲು ನನ್ನ ನಾಲಿಗೆಯ ತುದಿಯಲ್ಲಿ ಸುಡುತ್ತಿತ್ತು. ಪ್ರಾಂಪ್ಟರ್ ಆದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೊನೆಗೂ ಹೆಗಲ ಮೇಲೆ ಕೈ ಬಿತ್ತು. ನಾನು ಉಸುರಿದೆ. ಹಳೆಯ ಸಾಲೇ ಮರಳಿ ಬಂದದ್ದಕ್ಕೆ ಆಕೆಯ ಮುಖ ಸಡಿಲಿತು. "ಬಿಸಿಲಿದೆ, ಒಳಗೆ ಬಾ." ನನ್ನ ದನಿಯನ್ನು ಆಮೇಲೆ ಧ್ವನಿಪಟ್ಟಿಯಿಂದ ತೆಗೆದರಂತೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಅಟ್ಲಾಂಟಾದ ಪ್ರದರ್ಶನಕ್ಕೆ ಕೂಟದವರು ಎರಡು ವ್ಯಾನಿನಲ್ಲಿ ಹೋದೆವು. ಹಿಂದಿನ ರಾತ್ರಿ ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನ ನೆಂಟರ ಮನೆಯಲ್ಲಿ ಬಿಸಿಬೇಳೆಬಾತು. ಸಿನಿಮಾ ಶುರುವಾಯಿತು. ಬಂಡವಾಳದವರು ಪಕ್ಕದ ಗೋಡೆಗೆ ಒರಗಿ, ಪರದೆಯನ್ನು ಬಿಟ್ಟು ಜನರ ಮುಖ ನೋಡುತ್ತಿದ್ದರು. ಹಾರ್ಲನ್ ಬಾಗಿಲ ಬಳಿ ನಿಂತಿದ್ದರು, ಕೂರಲು ಧೈರ್ಯವಿರಲಿಲ್ಲ. ಜಗಲಿ ಬಂತು, ಪ್ರಶ್ನೆ ಬಂತು, ಮೌನ ಬಂತು. ಒಂದು ಕುರ್ಚಿ ಕಿರುಗುಟ್ಟಿತು. ಯಾರೋ ಕೆಮ್ಮಿದರು. ಗೋಡೆಯ ಬಳಿಯವನೊಬ್ಬ ಪಕ್ಕದವನ ಕಿವಿಗೆ ಬಾಗಿದ.

ಆಗ ನನ್ನ ಪಕ್ಕದಲ್ಲಿ ಪಾಟೀಲರು ಎದ್ದುನಿಂತು, ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದರು. "ಒಳಗ ಕರೀರೀ ಆಕಿನ್ನ!"

ಜೀವಮಾನವಿಡೀ ನನ್ನ ಸಾಲಿಗೆ ಕಾದು ನಿಂತ ಮನುಷ್ಯನಿಗೆ ಪರರ ಮೌನ ಸಹಿಸಲಾಗಲಿಲ್ಲ. ನಾನು ಕುರ್ಚಿಯಲ್ಲಿ ಕುಗ್ಗಿಹೋದೆ. ಎಲ್ಲ ಕೆಟ್ಟಿತೆಂದುಕೊಂಡೆ. ಮುಂದಿನ ಸಾಲಿನ ಕಪ್ಪು ಮುದುಕಿಯೊಬ್ಬರು, ಕನ್ನಡದ ಒಂದು ಪದವೂ ತಿಳಿಯದೆ, ಪರದೆಗೆ ಕೈ ಚಾಚಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. "ದೇವರೇ, ಒಳಗೆ ಬಿಡಮ್ಮಾ ಅವಳನ್ನ!" ಅಲ್ಲೊಂದು ದನಿ, ಇಲ್ಲೊಂದು ದನಿ. ಅಕ್ಕ ಕೊನೆಗೆ ಬಾಯಿ ತೆರೆದಾಗ ಸಭಾಂಗಣವೇ ನಿಟ್ಟುಸಿರಿಟ್ಟಿತು. ಗೋಡೆಗೆ ಒರಗಿದ್ದವರು ಕೈಕಟ್ಟು ಬಿಚ್ಚಿದರು. ಮೌನ ಉಳಿಯಿತು.

ಸಿನಿಮಾ ಅಟ್ಲಾಂಟಾ, ರಾಲಿ, ವಾಷಿಂಗ್ಟನ್ನುಗಳಲ್ಲಿ ಕೆಲವು ದಿನ ಓಡಿ ಮಾಯವಾಯಿತು. ಹಾರ್ಲನ್‌ಗೆ ಇನ್ನೊಂದು ಅವಕಾಶ ಬರಲಿಲ್ಲ. ಕೊನೆಯವರೆಗೂ ಮಕ್ಕಳಿಗೆ ನಾಟಕ ಕಲಿಸಿದರು. ತೀರಿಕೊಂಡಾಗ ಅವರ ನಿಧನವಾರ್ತೆ ನನ್ನ ಮೇಜಿಗೇ ಬಂತು. ನಾಟಕಕಾರ, ಚಿತ್ರಕಥೆಗಾರ, ನಿರ್ದೇಶಕ ಎಂದಿತ್ತು. ತಿದ್ದುವಂಥದ್ದೇನೂ ಇರಲಿಲ್ಲ. ಪಾಟೀಲರ ಕೂಗಿಗೆ ಅದರಲ್ಲಿ ಜಾಗವೂ ಇರಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಟಾರ್ಚು ತಿರುಗಿಸುತ್ತ ಕೇಳಿದಳು. ಕನ್ನಡದಲ್ಲಿ ಏನೋ ಕೇಳಹೊರಟು, "ಅಜ್ಜ, ಆ ಸಿಸ್ಟರ್... ಆಮೇಲೆ..." ಎಂದು ನಿಂತುಬಿಟ್ಟಳು. ಇಂಥಲ್ಲಿ ಪದ ಎತ್ತಿಕೊಡುವುದು ನನ್ನ ಚಟ. ಅವಳೂ ಅದಕ್ಕೇ ನನ್ನ ಮುಖ ನೋಡಿದಳು, ಥೇಟ್ ಪಾಟೀಲರ ನೋಟ.

ನಾನು ತುಟಿ ಬಿಚ್ಚಲಿಲ್ಲ. ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಅವಳು ಹುಬ್ಬು ಗಂಟಿಕ್ಕಿದಳು, ಚಾವಣಿ ನೋಡಿದಳು, ಟಾರ್ಚು ನೋಡಿದಳು.

"...ಒಳಗೆ ಹೋದ್ಲಾ?"

"ಹೋದಳು" ಎಂದೆ.