ಎರಡು ಮನೆಗೆ ಒಂದು ಸರ್ಟಿಫಿಕೇಟು

ನಮ್ಮತ್ತೆಗೆ ಸುಮ್ಮನೆ ಕೂರುವುದೆಂದರೆ ಜ್ವರ ಬಂದ ಹಾಗೆ. ಶಿಶುವಿಹಾರದಲ್ಲಿ ಆಯಾ ಆಗಿ ಊರಿನ ಅರ್ಧ ಮಕ್ಕಳ ಮೂಗು ಒರೆಸಿದವರು ಅವರು. ಆ ಶಿಶುವಿಹಾರ ಮುಚ್ಚಿಹೋದ ಮೇಲೆ ಮನೆಯಲ್ಲಿ ಅವರ ಕಾಟ ತಡೆಯಲಾಗುತ್ತಿರಲಿಲ್ಲ. ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸುವರು. ನಾನು ಉಪ್ಪಿನ ಡಬ್ಬ ಇಟ್ಟ ಕಡೆ ಸಕ್ಕರೆ ಡಬ್ಬ ಇಡುವರು. ನನ್ನ ಗಂಡ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದರೆ, ಉಗುರು ಕತ್ತರಿಸಿಕೊಂಡಿದ್ದಾನೋ ಇಲ್ಲವೋ ಎಂದು ಬಗ್ಗಿ ನೋಡುವರು! ಸೊಸೆಯಾದ ನಾನು ಬಾಯಿ ಬಿಟ್ಟರೆ ಮನೆ ರಣರಂಗ. ಆದರೂ ನಿಜ ಹೇಳುತ್ತೇನೆ, ಸಂಜೆ ಬೀದಿಯಲ್ಲಿ ಮಕ್ಕಳ ಗಲಾಟೆ ಕೇಳಿಸಿದಾಗ ಅವರು ಕಿಟಕಿಯ ಹತ್ತಿರ ಹೋಗಿ ನಿಲ್ಲುವುದನ್ನು ನೋಡಿದರೆ ನನಗೆ ಪಾಪ ಅನಿಸುತ್ತಿತ್ತು.

ಅದಕ್ಕೇ ಒಂದು ದಿನ ನಾನೇ ಹೇಳಿದೆ. "ಅತ್ತೆ, ಮುಂದಿನ ಕೋಣೇಲಿ ನೀವೇ ಒಂದು ಶಿಶುವಿಹಾರ ಶುರು ಮಾಡಿಬಿಡಿ. ನನ್ನ ಡಬ್ಬಗಳಾದ್ರೂ ಉಳೀತಾವೆ."

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೆಲಸಕ್ಕೆ ಹೋಗುವ ನಾಲ್ಕು ತಾಯಂದಿರು ಬಂದು ಕೇಳಿಹೋದರು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಗರಸಭೆಯವರು ಮಾತ್ರ ಒಂದು ಕೊಕ್ಕೆ ಇಟ್ಟರು. ಮಕ್ಕಳನ್ನು ಇಟ್ಟುಕೊಳ್ಳುವ ಮನೆ ಚಳಿಗೆ ಬೆಚ್ಚಗಿರಬೇಕು, ಸೆಕೆಗೆ ತಂಪಗಿರಬೇಕು, ಅದೂ ಕರೆಂಟನ್ನು ನೀರಿನಂತೆ ಸುರಿಯದೆ. ಹಾಗೆಂದು ಸರ್ಟಿಫಿಕೇಟು ತರಬೇಕು. ಫ್ರಿಜ್ಜಿಗೆ ನಕ್ಷತ್ರ ಅಂಟಿಸಿದ ಹಾಗೆ ಮನೆಗೂ ಒಂದು ಅಕ್ಷರ ಕೊಡುತ್ತಾರಂತೆ. ಎ ಅಂದರೆ ಬಲು ಚೆನ್ನ, ಜಿ ಅಂದರೆ ದೇವರೇ ಗತಿ. ನಮಗೆ ಸಿ ಆದರೂ ಬರಲೇಬೇಕು, ಇಲ್ಲದಿದ್ದರೆ ಶಿಶುವಿಹಾರದ ಆಸೆ ಬಿಡಬೇಕು.

"ಈ ವಯಸ್ಸಲ್ಲಿ ನನಗೆ ಪರೀಕ್ಷೆನಾ!" ಎನ್ನುತ್ತಾ ಅತ್ತೆ ಮನೆಯನ್ನು ಉಜ್ಜಿದ್ದೇ ಉಜ್ಜಿದ್ದು. ಉಜ್ಜಿದ್ದಕ್ಕೆ ಅಂಕ ಕೊಡುವುದಿಲ್ಲ ಎಂದರೆ ಯಾರು ಕೇಳುತ್ತಾರೆ?

ಇಲ್ಲಿ ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು. ಒಂದು ಕಾಲಕ್ಕೆ ಇದು ಒಂದೇ ಮನೆ. ನಮ್ಮ ಮಾವ ಗಡಿಯಾರ ರಿಪೇರಿಯವರು, ಅವರಣ್ಣ, ಅಂದರೆ ದೊಡ್ಡಮಾವ, ಬಸ್ ಕಂಡಕ್ಟರಾಗಿದ್ದವರು. ಪಾಲಾದಾಗ ನಡುವೆ ಗೋಡೆ ಎದ್ದಿತು. ಬಿಸಿಲು ಬೀಳುವ ಅರ್ಧ ಅಣ್ಣನಿಗೆ ಹೋಯಿತು, ನೆರಳಿನ ಅರ್ಧ ನಮಗೆ ಬಂತು. "ಬಿಸಿಲನ್ನೂ ನುಂಗಿ ನೀರು ಕುಡಿದ" ಎಂದು ಮಾವ ಅಂದರಂತೆ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈ ಕಡೆ ನಾವು ನಾಲ್ವರು, ಆ ಕಡೆ ದೊಡ್ಡಮಾವ, ದೊಡ್ಡತ್ತೆ ಇಬ್ಬರೇ.

ಆದರೆ ಹೆಂಗಸರು ಅಷ್ಟು ದಡ್ಡರಲ್ಲ. ಗಂಡಂದಿರು ಕೆಲಸಕ್ಕೆ ಹೋಗಿದ್ದ ಒಂದು ದಿನ ಅತ್ತೆ, ದೊಡ್ಡತ್ತೆ ಸೇರಿ ಗಾರೆಯವನನ್ನು ಕರೆಸಿ, ಅಡುಗೆಮನೆಯ ಪಕ್ಕದಲ್ಲಿ ಆ ಗೋಡೆ ಒಡೆಸಿ ಹಾದಿ ಮಾಡಿಕೊಂಡರು. ಅದಕ್ಕೆ ಬಾಗಿಲಿಲ್ಲ, ಬರೀ ಒಂದು ಹೂವಿನ ಪರದೆ. ಚಳಿಗಾಲದಲ್ಲಿ ನಾವು ಆ ಕಡೆ ಬಿಸಿಲಲ್ಲಿ ಕೂತು ಬಟಾಣಿ ಸುಲಿಯುತ್ತೇವೆ. ಬೇಸಗೆಯಲ್ಲಿ ದೊಡ್ಡತ್ತೆ ದಿಂಬು ಎತ್ತಿಕೊಂಡು ಬಂದು ನಮ್ಮ ತಣ್ಣನೆಯ ನೆಲದ ಮೇಲೆ ಗೊರಕೆ ಹೊಡೆಯುತ್ತಾರೆ. ಮಾವಂದಿರು ಮಾತ್ರ ಆ ಪರದೆಯನ್ನು ದಾಟಿದವರಲ್ಲ. ಗೋಡೆ ಒಡೆದಿದ್ದಕ್ಕೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲವಂತೆ. ಅದು ಹೇಗೆ ಎಂಬುದು ನನಗೆ ಬಹಳ ಕಾಲ ಸೋಜಿಗವಾಗಿತ್ತು.

ಪರೀಕ್ಷೆ ಮಾಡಲು ಬಂದವಳು ಚೋಟುದ್ದದ ಹುಡುಗಿ, ಹೆಗಲಲ್ಲಿ ತನಗಿಂತ ದೊಡ್ಡ ಚೀಲ. ಗೋಡೆಯ ದಪ್ಪ ಅಳೆದಳು, ಬಲ್ಬು ನೋಡಿದಳು, ನೀರು ಕಾಯಿಸುವ ಹಂಡೆಯ ಮೇಲೆ ಕೈಯಿಟ್ಟಳು. ಆಮೇಲೆ ಮುಂಬಾಗಿಲಿಗೆ ದಪ್ಪ ಬಟ್ಟೆ ಬಿಗಿದು ಅದರಲ್ಲಿ ಒಂದು ದೊಡ್ಡ ಫ್ಯಾನು ಕೂರಿಸಿದಳು. ಅದು ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತದಂತೆ, ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಗಾಳಿ ಒಳಗೆ ನುಗ್ಗಿ ಗುಟ್ಟು ಬಯಲಾಗುತ್ತದಂತೆ.

ಗುಟ್ಟು ಬಯಲಾಯಿತು ನೋಡಿ! ಫ್ಯಾನು ಗುರ್ ಎಂದದ್ದೇ ಹೂವಿನ ಪರದೆ ಹಾರಿ ಸೂರಿಗೆ ಬಡಿಯಿತು. ಅದರ ಹಿಂದೆ ಬನಿಯನ್ನಿನಲ್ಲಿ ದೊಡ್ಡಮಾವ, ಕಿವಿ ಈ ಕಡೆಗೆ ಚಾಚಿಕೊಂಡು ನಿಂತಿದ್ದಾರೆ. ಅವರ ಕೈಯಲ್ಲಿದ್ದ ಪೇಪರಿನ ಹಾಳೆಗಳು ಹಾರಿಬಂದು ನಮ್ಮ ಒಲೆಯ ಮುಂದೆ ಬಿದ್ದವು.

ಹುಡುಗಿ ಫ್ಯಾನು ನಿಲ್ಲಿಸಿದಳು. "ಅಮ್ಮ, ಇಲ್ಲಿ ಗೋಡೆ ಎಲ್ಲಿ?"

"ಅದು ನಮ್ಮಕ್ಕನ ಮನೆ" ಎಂದರು ಅತ್ತೆ, ಅದರಲ್ಲೇನು ವಿಶೇಷ ಎಂಬಂತೆ.

"ಕಾಗದದಲ್ಲಿ ಇದು ಬೇರೆ ಮನೆ, ಅದು ಬೇರೆ ಮನೆ. ಇಷ್ಟು ದೊಡ್ಡ ತೂತಿದ್ರೆ ಅಳೆಯೋಕೇ ಆಗಲ್ಲಮ್ಮ. ಇಲ್ಲಿ ಗೋಡೆ ಕಟ್ಟಿಸಿಬಿಡಿ, ಸಿ ಬರುತ್ತೆ."

"ಕಟ್ಟಿಸದೆ ಇದ್ರೆ?"

"ಎರಡೂ ಸೇರಿ ಒಂದೇ ಮನೆ ಅಂತ ಅಳೀಬೇಕು. ಆಗಲೂ ಸಿ ಬರಬಹುದು, ಆ ಕಡೆ ಬಿಸಿಲಿದೆ. ಆದ್ರೆ ಇಬ್ಬರು ಯಜಮಾನರೂ ಒಂದೇ ಅರ್ಜಿಗೆ ಸಹಿ ಹಾಕಬೇಕು."

ದೊಡ್ಡಮಾವ ಸರಕ್ಕನೆ ಪರದೆ ಎಳೆದುಕೊಂಡರು. ಮಾವ ಮೂಗಿಗೆ ತಾಗುವಷ್ಟು ಹತ್ತಿರ ಒಂದು ಗಡಿಯಾರ ಹಿಡಿದು, ಕಿವಿಯೇ ಇಲ್ಲದವರಂತೆ ಕೂತರು.

ಹುಡುಗಿ ಅರ್ಜಿ ಕೊಟ್ಟು ಹೋದ ಮೇಲೆ ದೊಡ್ಡತ್ತೆ ಬಂದು, "ಕಟ್ಟಿಸಿಬಿಡೇ, ಮಕ್ಕಳು ಮುಖ್ಯ. ನಾನು ಬೀದಿ ಸುತ್ತಿ ಬರ್ತೀನಿ" ಎಂದರು. ಅವರ ಮಂಡಿನೋವಿಗೆ ಬೀದಿ ಸುತ್ತುವುದಿರಲಿ, ಮೆಟ್ಟಿಲಿಳಿಯುವುದೇ ದೊಡ್ಡ ಮಾತು.

ಅತ್ತೆ ಫೋನ್ ತೆಗೆದುಕೊಂಡು ನಾಲ್ಕು ತಾಯಂದಿರಿಗೂ ಒಬ್ಬೊಬ್ಬರಾಗಿ ಹೇಳಿದರು. "ಬೇರೆ ಕಡೆ ನೋಡ್ಕೊಳ್ಳಿ ಕಣಮ್ಮ. ನನ್ನ ಕೈಲಿ ಆಗಲ್ಲ." ಆಮೇಲೆ ಬೀರು ತೆಗೆದು, ಮಡಿಸಿಟ್ಟ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಮತ್ತೆ ಮಡಿಸತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರು ಮುದುಕರ ಜಂಬಕ್ಕೆ ಈಕೆ ಯಾಕೆ ಸಾಯಬೇಕು? ಮೆಲ್ಲಗೆ ಹಿತ್ತಲಿಗೆ ಹೋಗಿ ಅದೇ ತಾಯಂದಿರಿಗೆ ಫೋನ್ ಮಾಡಿ, ಸ್ವಲ್ಪ ದಿನ ತಡೀರಿ ಎಂದೆ.

ಒಳಗೆ ಬಂದರೆ ಮಾವ ಗಡಿಯಾರ ಕೆಳಗಿಟ್ಟಿದ್ದಾರೆ, ಅತ್ತೆಯ ಬೆನ್ನನ್ನೇ ನೋಡುತ್ತಿದ್ದಾರೆ. ಎದ್ದರು. ಪಂಚೆ ಸರಿಮಾಡಿಕೊಂಡರು. ಪರದೆಯ ಮುಂದೆ ಹೋಗಿ ನಿಂತು ಎರಡು ಸಲ ಕೆಮ್ಮಿದರು.

"ಅಣ್ಣಾ."

ನಾನು ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿ ಕಿವಿ ನೆಟ್ಟೆ.

"ಏನು?" ಆ ಕಡೆಯಿಂದ ದೊಡ್ಡಮಾವನ ದನಿ.

"ಒಂದು ಸಹಿ ಬೇಕಿತ್ತು."

"ಒಳಗೆ ಬಂದು ಕೇಳು. ಬಾಗಿಲಲ್ಲಿ ನೇತಾಡೋಕೆ ಇದೇನು ಬಸ್ಸಾ?"

ಮಾವ ಪರದೆ ದಾಟಿದರು. ಹಿಂದೆಯೇ ನಾವು ಮೂವರು ಹೆಂಗಸರು, ಬಿಟ್ಟವರುಂಟೆ! ದೊಡ್ಡಮಾವ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಸಹಿ ಜಡಿದರು. ಆಮೇಲೆ ಶುರುಮಾಡಿದರು. "ಅವತ್ತು ಗೋಡೆ ಒಡೆಸೋಣ ಅಂತ ಹೆಂಡ್ತಿ ಹತ್ರ ಹೇಳಿ ಕಳಿಸಿದೆಯಲ್ಲ, ಅವತ್ತೇ ನೀನೇ ಬಂದಿದ್ರೆ ಏನು ಗಂಟು ಹೋಗ್ತಿತ್ತು?"

"ನಾನಾ? ಹೇಳಿ ಕಳಿಸಿದ್ದು ನೀನು! ತಮ್ಮನ್ನ ನೋಡದೆ ಊಟ ಸೇರ್ತಿಲ್ಲ ಅಂತ ಕಣ್ಣೀರಿಟ್ಟೆಯಂತೆ!"

"ಕಣ್ಣೀರಾ? ನಾನಾ?"

ಇಬ್ಬರೂ ತಿರುಗಿ ನೋಡಿದರು. ಓರಗಿತ್ತಿಯರಿಬ್ಬರೂ ಸೂರು ನೋಡುತ್ತಿದ್ದರು. ಇವರು ಹೇಳಿದ ಸುಳ್ಳು ನಂಬಿ, ಇಷ್ಟು ವರ್ಷವೂ ಇಬ್ಬರು ಗಂಡಸರೂ ತಾನೇ ಗೆದ್ದೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು!

"ಒಲೆ ಮೇಲೆ ಹಾಲಿದೆ" ಎಂದು ಅತ್ತೆ ಓಡಿದರು. ಮಂಡಿನೋವಿನ ದೊಡ್ಡತ್ತೆ ಅವರಿಗಿಂತ ಮುಂದೆ ಓಡಿದರು.

ಹುಡುಗಿ ಮತ್ತೆ ಬರುವಷ್ಟರಲ್ಲಿ ಅಣ್ಣತಮ್ಮಂದಿರು ಒಂದೇ ಸ್ಟೂಲು ಎಳೆದಾಡಿಕೊಂಡು ಎರಡೂ ಕಡೆಯ ಕಿಟಕಿಗಳ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿದರು. ಮಾವ ಕೂದಲೆಳೆಯಷ್ಟು ಬಿರುಕನ್ನೂ ಬಿಡರು, ದೊಡ್ಡಮಾವ ಕೆಳಗೆ ನಿಂತು "ಇನ್ನೂ ಮುಂದೆ, ಇನ್ನೂ ಮುಂದೆ" ಎನ್ನುವುದನ್ನು ನಿಲ್ಲಿಸರು. ಜಗಳ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಅತ್ತೆ ಮಾತ್ರ ಮುಸಿಮುಸಿ ನಗುತ್ತಾ ಓಡಾಡಿದರು.

ಈ ಸಲ ಫ್ಯಾನು ತಿರುಗಿದಾಗ ಪರದೆ ಸುಮ್ಮನೆ ಒಮ್ಮೆ ಅಲುಗಿತು, ಅಷ್ಟೇ. ಹುಡುಗಿ ಲೆಕ್ಕವನ್ನೆಲ್ಲ ಕೈಯಲ್ಲಿದ್ದ ಟ್ಯಾಬಿಗೆ ತುಂಬುತ್ತಾ ಹೋದಳು. ನಾವೆಲ್ಲ ಅವಳ ಬೆರಳನ್ನೇ ನೋಡುತ್ತಿದ್ದೆವು.

"ಕೊನೇದೊಂದು" ಎಂದಳು. "ಈ ಮನೇಲಿ ಇರೋರು ಎಷ್ಟು ಜನ?"

"ಆರು" ಎಂದರು ಮಾವ. ಒಂದು ಕ್ಷಣವೂ ತಡಮಾಡಲಿಲ್ಲ, ಬೆರಳು ಮಡಿಸಿ ಎಣಿಸಲಿಲ್ಲ.

ಹುಡುಗಿ ಒತ್ತಿದಳು. "ಸಿ ಬಂತಮ್ಮ!"

ನಾನು ಚಪ್ಪಾಳೆ ತಟ್ಟಿದೆ. ದೊಡ್ಡಮಾವ ಶಿಳ್ಳೆ ಹಾಕಿದರು. ಅತ್ತೆಗೆ ಅದೊಂದೂ ಕೇಳಿಸಿದಂತೆ ಕಾಣಲಿಲ್ಲ. ಅವರು ಮಾವನ ಮುಖವನ್ನೇ ನೋಡುತ್ತಿದ್ದರು, ಕಣ್ಣಲ್ಲಿ ನೀರು ತುಂಬಿತ್ತು.

"ರೀ, ಏನಂದ್ರಿ?"

"ಆರು ಅಂದೆ ಕಣೇ. ನಿಂಗೆ ಲೆಕ್ಕ ಬರಲ್ವಾ?"