ಅಕ್ಕಿ ಡಬ್ಬಿಯಲ್ಲಿ ಹುಗಿದ ಸೀಡಿ

ಸೀಡಿ ಎಂದರೆ ಬೆರಳ ತುದಿಯಲ್ಲಿ, ಉಸಿರು ಬಿಗಿಹಿಡಿದು ಎತ್ತುತ್ತಿದ್ದ ಕಾಲ ಅದು. ಮುಂಬಯಿ ಕಾಂದಿವಲಿಯ ನಮ್ಮ ಬಿಲ್ಡಿಂಗಿಗೆಲ್ಲ ಒಂದೇ ಸೀಡಿ ಪ್ಲೇಯರು, ಅದೂ ನಮ್ಮ ಮನೆಯಲ್ಲಿ! ಮಸ್ಕತ್ತಿನ ಕಾಕಾ ತಂದಿದ್ದು. ಜೊತೆಗೆ ಒಂದೇ ಒಂದು ಸೀಡಿ, ಹಿಂದುಸ್ತಾನಿ ಗಾಯನದ್ದು. ಧಾರವಾಡದಿಂದ ಬಂದು ನಮ್ಮೊಡನಿದ್ದ ಅಜ್ಜನಿಗೆ ಕಣ್ಣು ಮಂಜಾಗಿತ್ತು. ಸಂಜೆ ಆ ಹಾಡು ಕೇಳಿದರೇ ಅವನಿಗೆ ಚಹಾ ರುಚಿಸುತ್ತಿತ್ತು. ಸೀಡಿ ಹಾಕುವ ಕೆಲಸ ನನ್ನದು. ಹತ್ತು ವರ್ಷದವಳಿಗೆ ಅದೆಂಥ ಜಂಬ!

ಜುಲೈ ಬಂತು. ಮುಂಬಯಿ ಮಳೆ ಗೊತ್ತಲ್ಲ, ಚಪ್ಪಲಿಗೆ ಬೂಸ್ಟು, ಹಪ್ಪಳ ಮೆತ್ತಗೆ, ಕಡ್ಡಿ ಗೀರಿದರೆ ಹತ್ತುವುದಿಲ್ಲ. ಒಂದು ಸಂಜೆ ಹಾಡೂ ತೊದಲಿತು. ಸೀಡಿಯ ಮೇಲೆ ಸಣ್ಣಗೆ ಹಬೆ ಕೂತಿತ್ತು.

“ಥಂಡಿ ಹಿಡದೈತಿ ನೋಡು ಅದಕ್ಕ,” ಎಂದ ಅಜ್ಜ.

ಥಂಡಿ ಹಿಡಿದದ್ದನ್ನೆಲ್ಲ ಅವ್ವ ಅಕ್ಕಿ ಡಬ್ಬಿಯಲ್ಲಿ ಹುಗಿಯುತ್ತಿದ್ದಳು, ಅಪ್ಪನ ಗಡಿಯಾರವನ್ನೂ. ನಾನೂ ಸೀಡಿ ಹುಗಿದೆ. ಪೆಟ್ಟಿಗೆ ಸಮೇತ ಇಟ್ಟರೆ ಥಂಡಿ ಹೋಗುವುದು ಹೇಗೆಂದು ಬರೀ ಸೀಡಿಯನ್ನೇ! ಹುಳ ಹಿಡಿಯದಿರಲೆಂದು ಆ ಅಕ್ಕಿಗೆ ಅವ್ವ ಬೋರಿಕ್ ಪೌಡರು ತಿಕ್ಕಿದ್ದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮರುದಿನ ತೆಗೆದು, ಲಂಗಕ್ಕೆ ಒರೆಸಿ ಹಾಕಿದೆ. ಗಿರ್ರನೆ ತಿರುಗಿತು, ಪುಡಿಯೆಲ್ಲ ಒಳಗೆ ಹಾರಿತು. ಹಾಡು ನಿಂತೇಹೋಯಿತು.

ಅಪ್ಪ ಪ್ಲೇಯರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಲೋಕಲ್ ರೈಲು ಹತ್ತಿ, ಮಲಾಡಿನ ರಿಪೇರಿಯವನಿಗೆ ಕೊಟ್ಟು ಬಂದ.

“ಲೆನ್ಸಿನ ಮ್ಯಾಲ ಪೌಡರ್ ಕೂತೈತಂತ. ರಿಪೇರಿ ಆದ್ರ ಆತು, ಇಲ್ಲಂದ್ರ ಇಲ್ಲಂತ. ಯಾರ್ ಹಾಕಿದ್ರು ಪೌಡರು?” ಎಂದು ಗುಡುಗಿದ.

ನಾನು ಓಡಿಹೋಗಿ ಅಜ್ಜನ ಬೆನ್ನ ಹಿಂದೆ ಕೂತು ಅತ್ತೆ. ಅವನ ಸಂಜೆಯನ್ನು ನಾನೇ ಕೆಡಿಸಿದ್ದೆ.

“ಅಳಬ್ಯಾಡ ನನ್ನವ್ವ. ನಾನ ಹಾಡ್ತೀನಿ ತಗೋ,” ಎಂದ ಅಜ್ಜ, ಕೆಮ್ಮಿ ಗಂಟಲು ಸರಿಮಾಡಿಕೊಂಡ.

ಅವನು ಹಾಡುತ್ತಾನೆಂದು ಅಪ್ಪನಿಗೂ ಗೊತ್ತಿರಲಿಲ್ಲ! ಒಡಕು ದನಿ. ಉಸಿರು ಸಾಲದೆ ನಿಲ್ಲುತ್ತಿದ್ದ, “ಎಲ್ಲಿದ್ನಿ ನಾ?” ಎಂದು ನನ್ನನ್ನೇ ಕೇಳುತ್ತಿದ್ದ. ತೊಡೆ ತಟ್ಟಿ ತಾಳ ಹಾಕಲು ಕಲಿಸಿದ. ಒಂದು ವಾರ ದಿನಾ ಸಂಜೆ ಇದೇ ನಡೆಯಿತು.

ಎಂಟನೆಯ ಸಂಜೆ ಅವನು ಹಾಡುತ್ತಿರುವಾಗಲೇ ಅಪ್ಪ ಬಾಗಿಲಲ್ಲಿ ಕಂಡ.

“ಅಜ್ಜಾ, ಸಾಕ್ ನಿಲ್ಸು! ಮಶೀನ್ ಬಂತು!” ಎಂದು ಕಿರುಚಿ ಓಡಿದೆ.

ಅಜ್ಜ ಅರ್ಧಕ್ಕೇ ನಿಲ್ಲಿಸಿದ. ಸೀಡಿ ಸ್ವಚ್ಛವಾಗಿ ಹಾಡಿತು, ಅವನೂ ಖುಷಿಪಟ್ಟ. ಆಮೇಲೆ ಎಷ್ಟು ಕಾಡಿದರೂ, “ಮಶೀನ್ ಐತಲ್ಲ, ನನ್ನದ್ಯಾಕವಾ?” ಎನ್ನುತ್ತಿದ್ದ. ಮತ್ತೆ ಹಾಡಲೇ ಇಲ್ಲ.

ಈಗ ಫೋನಿನಲ್ಲಿ ಸಾವಿರ ಹಾಡಿವೆ, ಧೂಳು ಕೂರುವುದಿಲ್ಲ, ಮಳೆಗಾಲ ತಟ್ಟುವುದಿಲ್ಲ. ಆ ಸೀಡಿಯ ಗಾಯನವೂ ಸಿಕ್ಕಿತು. ಅಜ್ಜನ ದನಿಯನ್ನು ಮಾತ್ರ ಎಲ್ಲೆಂದು ಹುಡುಕಲಿ? ನೆನೆಸಿಕೊಳ್ಳಲು ಕೂತರೆ, ಅವನ ಹಾಡು ಮಾಸಿಹೋಗಿದೆ, ಅದನ್ನು ನಿಲ್ಲಿಸಿದ ನನ್ನ ಕಿರುಚು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.